ಮೇಪಲ್ ಮರದ ರಸಕ್ಕೆ ಎಂಥ ಕೊಳವೆ?

ಈ ಅಂಕಣವನ್ನು ತಪ್ಪದೆ ಓದುವ ತಾಯಿಯೊಬ್ಬರು ಈ ಸಲ ಅಪರೂಪದ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅವರ ಮಗನ ಸಂಸಾರವು ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ನೆಲೆಸಿದೆ. ಮನೆಯ ಹಿಂದಿನ ಗುಡ್ಡದಲ್ಲಿ ಎಪ್ಪತ್ತರಷ್ಟು ಮೇಪಲ್ ಮರಗಳಿವೆ. ಮುಂದಿನ ವಸಂತದಲ್ಲಿ ಅವುಗಳ ರಸವನ್ನು ಕೊಳವೆಯ ಮೂಲಕ ಇಳಿಸಿ ಪಾಕ ಕಾಯಿಸಬೇಕೆಂಬುದು ಮಗನ ಆಸೆ. ಅಂಗಡಿಯವರು ದಪ್ಪ ಕೊಳವೆ, ಸಣ್ಣ ಕೊಳವೆ, ಗಡಸು, ಮೆದು, ನೀಲಿ, ಹಸಿರು ಎಂದು ಹತ್ತಾರು ಬಗೆ ತೋರಿಸುತ್ತಾರಂತೆ. "ದುಡ್ಡು ಹಾಕುವ ಮೊದಲು ಯಾವುದು ಸರಿಯೆಂದು ತಿಳಿಸಿರಿ, ಹಾಗೆಯೇ ಮರಕ್ಕೆ ತೂತು ಕೊರೆದು ರಸ ಹಿಂಡುವುದು ಪಾಪವಲ್ಲವೇ ಎಂಬುದನ್ನೂ ಹೇಳಿರಿ" ಎಂದು ತಾಯಿಯವರು ಕೇಳಿದ್ದಾರೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವನಿಗೆ ಕೊಳವೆಯ ಗೊಡವೆ ಏಕೆಂದು ಕೆಲವರು ನಕ್ಕಾರು. ಆದರೆ ತಾಯಿಯವರ ಎರಡು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದಕ್ಕೆ ಸರಿಯಾದ ಉತ್ತರ ದೊರೆತರೆ ಎರಡನೆಯದಕ್ಕೂ ಬಹುಪಾಲು ಉತ್ತರ ದೊರೆತಂತೆಯೇ. ಆದುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ನಮ್ಮಲ್ಲಿ ಈಚಲು, ತೆಂಗುಗಳಿಂದ ನೀರಾ ಇಳಿಸುವುದನ್ನು ಬಲ್ಲವರಿದ್ದಾರೆ. ಮೇಪಲ್ ರಸವು ಅದಕ್ಕಿಂತ ಬೇರೆಯದು. ಅದು ಬೇಸಿಗೆಯ ರಸವಲ್ಲ, ಹಿಮಗಾಲ ಮುಗಿಯುವ ಹೊತ್ತಿನ ರಸ. ಫೆಬ್ರವರಿಯ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಆ ನಾಡಿನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು. ರಾತ್ರಿ ಮರದ ಒಳಗಿನ ನಾರುಕೋಶಗಳಲ್ಲಿ ನೀರು ಹೆಪ್ಪುಗಟ್ಟುವಾಗ ಅಲ್ಲಿನ ಗಾಳಿ ಅದುಮಿಕೊಳ್ಳುತ್ತದೆ, ಮರವು ಬೇರಿನ ಕಡೆಯಿಂದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಗಲಿನಲ್ಲಿ ಹೆಪ್ಪು ಕರಗಿದೊಡನೆ ಅದುಮಿಕೊಂಡಿದ್ದ ಗಾಳಿ ಹಿಗ್ಗಿ, ಕಾಂಡದ ಒಳಗೆ ಹೊರಗಿನದಕ್ಕಿಂತ ಹೆಚ್ಚಿನ ಒತ್ತಡ ಉಂಟಾಗುತ್ತದೆ. ಆಗ ತೂತೊಂದಿದ್ದರೆ ರಸ ತಾನಾಗಿಯೇ ಹೊರಬೀಳುತ್ತದೆ. ಇಲ್ಲಿ ಮರವನ್ನು ಹಿಂಡುವ ಮಾತಿಲ್ಲ. ಹೆಚ್ಚು ಒತ್ತಡವಿರುವ ಕಡೆಯಿಂದ ಕಡಿಮೆ ಒತ್ತಡವಿರುವ ಕಡೆಗೆ ರಸ ಹರಿಯುತ್ತದೆ, ಅಷ್ಟೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕೊಳವೆಯ ಶಾಸ್ತ್ರವೆಲ್ಲ ಇದರ ಮೇಲೆಯೇ ನಿಂತಿದೆ.

ಈ ರಸ ನೋಡುವುದಕ್ಕೆ ತಿಳಿನೀರು. ಸಕ್ಕರೆಯ ಅಂಶ ನೂರಕ್ಕೆ ಸುಮಾರು 2 ಮಾತ್ರ. ನಮ್ಮ ಆಲೆಮನೆಯ ಕಬ್ಬಿನ ಹಾಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರ ಮೇಲೆ ಇರುತ್ತದೆಂಬುದನ್ನು ನೆನೆದರೆ ಅಲ್ಲಿಯವರ ಶ್ರಮ ಎಷ್ಟೆಂದು ತಿಳಿದೀತು. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಪಾಕ ಸಿಗುತ್ತದೆ. ರಸವು ನೀರಾದಂತೆಯೇ ಬೇಗ ಕೆಡುವ ಪದಾರ್ಥ. ಇಳಿದ ದಿನವೇ ಕಾಯಿಸಿದರೆ ಒಳ್ಳೆಯದು. ಆದ್ದರಿಂದ ರಸವನ್ನು ಎಷ್ಟು ತಂಪಾಗಿ, ಎಷ್ಟು ಶುಚಿಯಾಗಿ, ಎಷ್ಟು ಬೇಗ ಕೆಳಗೆ ತರುತ್ತೇವೆಂಬುದೇ ಈ ಕಸುಬಿನ ಅರ್ಧ ಭಾಗ.

ಆ ನಾಡಿನ ಮೂಲನಿವಾಸಿಗಳಾದ ಅಬೆನಾಕಿ, ಅನಿಶಿನಾಬೆ, ಹೋಡೆನೊಶೋನಿ ಜನರು ಯೂರೋಪಿನವರು ಬರುವ ಮೊದಲೇ ಈ ರಸವನ್ನು ಬಲ್ಲವರು. ಅವರು ಭೂರ್ಜವೃಕ್ಷದ ತೊಗಟೆಯ ದೊನ್ನೆಗಳಲ್ಲಿ ರಸ ಹಿಡಿಯುತ್ತಿದ್ದರು. ಆಮೇಲೆ ಮರದ ಬಾನಿ, ತಗಡಿನ ಬಕೆಟ್ಟು ಬಂದವು. ಮೊಣಕಾಲುದ್ದದ ಹಿಮದಲ್ಲಿ ಮರದಿಂದ ಮರಕ್ಕೆ ಹೋಗಿ ಬಕೆಟ್ಟು ಬರಿದು ಮಾಡಿ ಜಾರುಬಂಡಿಯಲ್ಲಿ ಹೊತ್ತು ತರುವುದು ಎಂಥ ಕಷ್ಟವೆಂದು ಊಹಿಸಬಹುದು. 20ನೆಯ ಶತಮಾನದ ಮೊದಲ ಭಾಗದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಲೋಹದ ಕೊಳವೆಯನ್ನು ಮರಗಳ ನಡುವೆ ಹಾಯಿಸಿ ನೋಡಿದರು. ಅದು ವ್ಯಾಪಕವಾಗಿ ಹಬ್ಬಲಿಲ್ಲ. ಪ್ಲಾಸ್ಟಿಕ್ ಬಂದ ಮೇಲೆ, 1950ರ ದಶಕದ ಕೊನೆಯಲ್ಲಿ, ಈ ಕಲ್ಪನೆಗೆ ಜೀವ ಬಂದಿತು. ವರ್ಮಾಂಟ್‌ನ ನೆಲ್ಸನ್ ಗ್ರಿಗ್ಸ್ ಎಂಬವರು 1959ರಲ್ಲಿ ಇಂತಹ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಇಂದು ಜಗತ್ತಿನ ಮೇಪಲ್ ಪಾಕದ ಬಹುಭಾಗ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ತಯಾರಾಗುತ್ತದೆ. ಅಮೆರಿಕದ ರಾಜ್ಯಗಳಲ್ಲಿ ವರ್ಮಾಂಟಿನದೇ ಮೊದಲ ಸ್ಥಾನ. ಎರಡೂ ಕಡೆ ಕಾಡಿನ ತುಂಬ ಈ ಕೊಳವೆಗಳ ಜಾಲ ಕಾಣುತ್ತದೆ.

ಆ ಜಾಲದ ರಚನೆಯನ್ನು ನಮ್ಮ ರೈತ ಮನೆಗಳವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅದು ಹನಿ ನೀರಾವರಿಯನ್ನು ತಿರುಗುಮುರುಗಾಗಿಸಿದ ಏರ್ಪಾಡು. ಹನಿ ನೀರಾವರಿಯಲ್ಲಿ ದೊಡ್ಡ ಪೈಪಿನಿಂದ ಸಣ್ಣ ಪೈಪಿಗೆ, ಸಣ್ಣ ಪೈಪಿನಿಂದ ಗಿಡದ ಬುಡಕ್ಕೆ ನೀರು ಹೋಗುತ್ತದೆ. ಇಲ್ಲಿ ಮರದಿಂದ ಸಣ್ಣ ಕೊಳವೆಗೆ, ಅಲ್ಲಿಂದ ದೊಡ್ಡ ಪೈಪಿಗೆ, ಅಲ್ಲಿಂದ ತೊಟ್ಟಿಗೆ ರಸ ಬರುತ್ತದೆ. ಮರದ ತೂತಿಗೆ ಬಡಿಯುವುದು ನಳಿಗೆ. ನಳಿಗೆಯಿಂದ ಇಳಿಬಿದ್ದಿರುವುದು ಮೂರಡಿಯಷ್ಟು ಉದ್ದದ ಇಳಿಗೊಳವೆ. ಅದು ಸೇರುವುದು ಮರದಿಂದ ಮರಕ್ಕೆ ಬಿಗಿದ ಸಾಲುಗೊಳವೆಯನ್ನು. ಇದನ್ನೇ ಲ್ಯಾಟರಲ್ ಎನ್ನುತ್ತಾರೆ. ಮರಗಳು ಹೆಚ್ಚಿದ್ದಲ್ಲಿ ಸಾಲುಗೊಳವೆಗಳೆಲ್ಲ ಬಿಗಿತಂತಿಯ ಮೇಲೆ ಕಟ್ಟಿದ ಮೇನ್ ಲೈನನ್ನು ಸೇರುತ್ತವೆ. ಕೊಳ್ಳುವವನನ್ನು ಹೆಚ್ಚು ಕಾಡುವುದು ಸಾಲುಗೊಳವೆಯ ಆಯ್ಕೆಯೇ.

ಸಾಲುಗೊಳವೆ ಮುಖ್ಯವಾಗಿ ಎರಡು ಅಳತೆಯಲ್ಲಿ ದೊರೆಯುತ್ತದೆ. ಒಳವ್ಯಾಸ 5/16 ಅಂಗುಲ, ಅಂದರೆ ಸುಮಾರು 8 ಮಿಲಿಮೀಟರ್ ಇರುವುದು ಹಳೆಯ ರೂಢಿ. 3/16 ಅಂಗುಲ, ಅಂದರೆ 5 ಮಿಲಿಮೀಟರಿಗೂ ತುಸು ಕಡಿಮೆ ಇರುವುದು ಹೊಸದು; ವರ್ಮಾಂಟ್ ವಿಶ್ವವಿದ್ಯಾಲಯದ ಟಿಮ್ ವಿಲ್ಮಟ್ ಅವರ ಪ್ರಯೋಗಗಳಿಂದ 2010ರ ಈಚೆಗೆ ಬಳಕೆಗೆ ಬಂದಿತು. ಸಣ್ಣ ಕೊಳವೆಯಲ್ಲಿ ಹೆಚ್ಚು ರಸ ಬರುತ್ತದೆಂದರೆ ಮೊದಲು ಯಾರಿಗೂ ನಂಬಿಕೆಯಾಗದು. ಕಾರಣ ಹೀಗಿದೆ. ರಸದೊಡನೆ ಮರದಿಂದ ಗಾಳಿಯ ಗುಳ್ಳೆಗಳೂ ಬರುತ್ತವೆ. ದಪ್ಪ ಕೊಳವೆಯಲ್ಲಿ ರಸವು ಕೊಳವೆಯ ತಳದಲ್ಲಿ ಹರಿದು ಹೋಗುತ್ತದೆ, ಗಾಳಿ ಮೇಲ್ಭಾಗದಲ್ಲಿ ತನ್ನ ದಾರಿ ಹಿಡಿಯುತ್ತದೆ. ಸಣ್ಣ ಕೊಳವೆಯಲ್ಲಿ ಗುಳ್ಳೆಗೆ ರಸವನ್ನು ದಾಟಿ ಹೋಗಲು ಜಾಗವಿಲ್ಲ. ರಸ, ಗುಳ್ಳೆ, ರಸ, ಗುಳ್ಳೆ ಎಂದು ಸರದ ಮಣಿಗಳಂತೆ ಕೊಳವೆ ತುಂಬಿರುತ್ತದೆ. ಆ ತುಂಬಿದ ಸರ ಗುಡ್ಡದ ಇಳಿಜಾರಿನಲ್ಲಿ ತನ್ನ ತೂಕದಿಂದಲೇ ಕೆಳಗೆ ಜಾರುವಾಗ ಮೇಲಿನ ತುದಿಯಲ್ಲಿ ನಿರ್ವಾತ ಉಂಟಾಗುತ್ತದೆ. ಬಾವಿಯಿಂದ ನೀರು ಸೇದುವ ಕೈಪಂಪು ಮಾಡುವ ಕೆಲಸವನ್ನು ಇಲ್ಲಿ ರಸದ ತೂಕವೇ ಮಾಡುತ್ತದೆ. ವಿದ್ಯುತ್ತು ಬೇಡ, ಯಂತ್ರ ಬೇಡ.

ಎಷ್ಟು ನಿರ್ವಾತ? ಲೆಕ್ಕ ಸರಳವಾಗಿದೆ. ಪ್ರತಿ ಒಂದು ಅಡಿ ಇಳಿತಕ್ಕೆ ಪಾದರಸದ ಸುಮಾರು 0.88 ಅಂಗುಲದಷ್ಟು. ಮೂವತ್ತು ಅಡಿ ಇಳಿತವಿದ್ದರೆ 26 ಅಂಗುಲ. ವಾತಾವರಣದ ಒತ್ತಡವೇ ಸಮುದ್ರಮಟ್ಟದಲ್ಲಿ ಸುಮಾರು 30 ಅಂಗುಲವಾದುದರಿಂದ ಅದಕ್ಕಿಂತ ಹೆಚ್ಚು ಯಾವ ಉಪಾಯದಿಂದಲೂ ದೊರೆಯದು. ಇಲ್ಲಿ ಒಂದು ಸೂಕ್ಷ್ಮವಿದೆ; ಮಾರುವವರು ಇದನ್ನು ವಿವರಿಸುವ ಗೋಜಿಗೆ ಹೋಗುವುದು ಕಡಿಮೆ. ಒಂದು ಮರಕ್ಕೆ ಸಿಗುವ ನಿರ್ವಾತವು ಆ ಮರದಿಂದ ಕೊಳವೆಯ ಕೆಳತುದಿಯವರೆಗಿನ ಇಳಿತವನ್ನು ಅವಲಂಬಿಸಿದೆ. ಹೀಗಾಗಿ ಗುಡ್ಡದ ಮೇಲಿನ ಮರಕ್ಕೆ ಪೂರ್ಣ ಲಾಭ, ತೊಟ್ಟಿಯ ಪಕ್ಕದ ಮರಕ್ಕೆ ಏನೂ ಇಲ್ಲ. ಕೊನೆಯ ಮರದಿಂದಲೂ ಕೊಳವೆ ಇನ್ನಷ್ಟು ಕೆಳಗಿಳಿದು ತೊಟ್ಟಿ ಸೇರಿದರೆ ಎಲ್ಲ ಮರಗಳಿಗೂ ಲಾಭ ಹಂಚಿಹೋಗುತ್ತದೆ.

ನಿರ್ವಾತದ ಬೆಲೆ ಎಷ್ಟೆಂದರೆ, ಪ್ರತಿ ಅಂಗುಲ ನಿರ್ವಾತಕ್ಕೆ ನೂರಕ್ಕೆ 5ರಿಂದ 7ರಷ್ಟು ರಸ ಹೆಚ್ಚುತ್ತದೆಂದು ಪ್ರಯೋಗಗಳು ಹೇಳುತ್ತವೆ. ಬಕೆಟ್ಟಿನ ಕ್ರಮದಲ್ಲಿ ಒಂದು ತೂತಿನಿಂದ ಇಡೀ ಋತುವಿಗೆ ಸುಮಾರು 38 ಲೀಟರ್ ರಸ, ಅಂದರೆ ಹತ್ತಿರ ಹತ್ತಿರ ಒಂದು ಲೀಟರ್ ಪಾಕ. ಒಳ್ಳೆಯ ನಿರ್ವಾತವಿದ್ದರೆ ಅದರ ದುಪ್ಪಟ್ಟು ದೊರೆಯಬಹುದು. ಮರ ಅಷ್ಟೇ, ತೂತು ಅಷ್ಟೇ, ಫಲ ಎರಡರಷ್ಟು.

ಹಾಗಾದರೆ ಎಲ್ಲರೂ ಸಣ್ಣ ಕೊಳವೆಯನ್ನೇ ಕೊಳ್ಳಬಾರದೇಕೆ? ಎರಡು ಕಾರಣಗಳಿವೆ. ಮೊದಲನೆಯದು ನೆಲ. ಇಳಿಜಾರಿಲ್ಲದ ಕಡೆ ಸಣ್ಣ ಕೊಳವೆ ಲಾಭ ತರುವುದಿಲ್ಲ, ನಷ್ಟವನ್ನೇ ತರುತ್ತದೆ. ಕೊಳವೆಯ ವ್ಯಾಸ ಕಿರಿದಾದಂತೆ ಹರಿವಿಗೆ ಅಡ್ಡಿ ಅಗಾಧವಾಗಿ ಏರುತ್ತದೆ. 5/16ಕ್ಕೆ ಹೋಲಿಸಿದರೆ 3/16ರಲ್ಲಿ ಅಡ್ಡಿ ಸುಮಾರು ಎಂಟು ಪಟ್ಟು. ಕಡಿದಾದ ಗುಡ್ಡದಲ್ಲಿ ರಸದ ತೂಕ ಆ ಅಡ್ಡಿಯನ್ನು ಗೆಲ್ಲುತ್ತದೆ, ಸಮತಟ್ಟಿನಲ್ಲಿ ಗೆಲ್ಲಲಾರದು. ಆದ್ದರಿಂದ ಸಮತಟ್ಟಾದ ತೋಟಕ್ಕೆ 5/16ರ ಕೊಳವೆ, ಒಂದು ಸಾಲಿಗೆ ಐದರಿಂದ ಹತ್ತು ತೂತು ಮಾತ್ರ, ಅದು ಸೇರಲು ನೂರಕ್ಕೆ 2ರಷ್ಟಾದರೂ ಇಳಿಜಾರಿರುವ ಮೇನ್ ಲೈನು, ನಿರ್ವಾತ ಬೇಕಿದ್ದರೆ ಪಂಪು. ಪಂಪಿಗೆ ವಿದ್ಯುತ್ತು ಬೇಕು, ಸೋರುವ ಜಾಗಗಳನ್ನು ಹುಡುಕುತ್ತ ಪ್ರತಿದಿನ ಕಾಡು ಸುತ್ತುವ ಒಬ್ಬ ಮನುಷ್ಯನೂ ಬೇಕು. ಹತ್ತಿಪ್ಪತ್ತು ಮರಗಳಷ್ಟೇ ಇರುವ ಸಮತಟ್ಟಿನ ಮನೆಯವರಿಗೆ ಕೊಳವೆಯ ಉಸಾಬರಿಯೇ ಬೇಡ, ಮುಚ್ಚಳವಿರುವ ಬಕೆಟ್ಟು ಸಾಕೆಂಬುದು ನನ್ನ ಅಭಿಪ್ರಾಯ.

ಎರಡನೆಯ ಕಾರಣ ಸಣ್ಣ ಕೊಳವೆಯ ಸಾಲ. ಸಾಲವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮೊದಲ ವರ್ಷ ಅದು ಕೈತುಂಬ ಕೊಡುತ್ತದೆ. ಆಮೇಲೆ ಒಂದೆರಡು ವರ್ಷಗಳಲ್ಲಿ ಕೇಳತೊಡಗುತ್ತದೆ. ರಸ ಸಿಹಿಯಾದ್ದರಿಂದ ಕೊಳವೆಯ ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ದಪ್ಪ ಕೊಳವೆಗೆ ಇದರಿಂದ ಅಷ್ಟು ಬಾಧೆಯಿಲ್ಲ. ಸಣ್ಣ ಕೊಳವೆಯಲ್ಲಿ, ವಿಶೇಷವಾಗಿ ಅದರ ಕವಲು ಜೋಡಣೆಗಳ ಇಕ್ಕಟ್ಟಾದ ಕಂಠದಲ್ಲಿ, ಲೋಳೆ ತುಂಬಿ ದಾರಿಯೇ ಮುಚ್ಚಿಹೋಗುತ್ತದೆ. ಹೊರಗೆ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ, ತೊಟ್ಟಿಯಲ್ಲಿ ಮಾತ್ರ ರಸ ಇರುವುದಿಲ್ಲ. ಹನಿ ನೀರಾವರಿ ಮಾಡಿದ ನಮ್ಮ ರೈತರಿಗೆ ಕಟ್ಟಿಹೋದ ಡ್ರಿಪ್ಪರಿನ ಅನುಭವ ಹೊಸದಲ್ಲ. ಆದುದರಿಂದ ಸಣ್ಣ ಕೊಳವೆ ಕೊಳ್ಳುವವನು ಪ್ರತಿ ವರ್ಷ ಋತು ಮುಗಿದೊಡನೆ ಅದನ್ನು ತೊಳೆಯುವೆನೆಂದು ನಿಶ್ಚಯ ಮಾಡಿಕೊಂಡೇ ಕೊಳ್ಳಬೇಕು. ಇದಕ್ಕೆ ಕ್ಲೋರಿನ್ ದ್ರಾವಣವನ್ನು ಬಳಸುತ್ತಾರೆ. ಸೋಡಿಯಂ ಹೈಪೋಕ್ಲೋರೈಟ್ ಅಗ್ಗವಾದರೂ ಅದು ಕೊಳವೆಯಲ್ಲಿ ಉಪ್ಪಿನ ಅಂಶ ಉಳಿಸುತ್ತದೆ; ಆ ಉಪ್ಪಿನ ರುಚಿಗೆ ಅಳಿಲುಗಳು ಬಂದು ಕೊಳವೆಯನ್ನೇ ಕಡಿದು ಹಾಕುತ್ತವೆ. ಕ್ಯಾಲ್ಸಿಯಂ ಹೈಪೋಕ್ಲೋರೈಟಿನಲ್ಲಿ ಈ ತೊಂದರೆ ಕಡಿಮೆ. ತೊಳೆದ ಕೊಳವೆಯಲ್ಲಿ ಮುಂದಿನ ವರ್ಷ ಬರುವ ಮೊದಲ ರಸವನ್ನು ನೆಲಕ್ಕೆ ಬಿಟ್ಟು, ಆಮೇಲೆ ಹಿಡಿಯಬೇಕು.

ಲೋಳೆಯ ಮಾತು ಬಂದುದರಿಂದ ತಾಯಿಯವರ ಎರಡನೆಯ ಪ್ರಶ್ನೆಯನ್ನು ಇಲ್ಲಿಯೇ ಎತ್ತಿಕೊಳ್ಳುತ್ತೇನೆ. ಮರಕ್ಕೆ ತೂತು ಒಂದು ಗಾಯವೇ ಹೌದು. ಒಂದೂವರೆ ಅಂಗುಲದಷ್ಟು ಆಳ ಕೊರೆದಾಗ ತೂತಿನ ಮೇಲೆ ಮತ್ತು ಕೆಳಗೆ, ತೂತಿಗಿಂತ ಅಗಲವಾಗಿ, ಕಾಷ್ಠದ ಒಂದು ಪಟ್ಟಿ ಬಣ್ಣಗೆಟ್ಟು ಸತ್ತುಹೋಗುತ್ತದೆ. ಅದು ಮತ್ತೆಂದೂ ರಸ ಸಾಗಿಸದು. ಮರವು ಆ ಭಾಗಕ್ಕೆ ಒಳಗೇ ಗೋಡೆ ಕಟ್ಟಿ, ಹೊರಗೆ ವರ್ಷವರ್ಷವೂ ಹೊಸ ಕಾಷ್ಠ ಬೆಳೆಸಿಕೊಳ್ಳುತ್ತದೆ. ಈ ಹೊಸ ಬೆಳವಣಿಗೆ ಹಳೆಯ ಗಾಯಗಳಿಗಿಂತ ಮುಂದಿರುವವರೆಗೆ ಮರ ಕ್ಷೇಮ. ಕೊರೆಯುವಷ್ಟು ದೊಡ್ಡದಾಗಲು ಮೇಪಲ್ ಸಸಿಗೆ ನಲವತ್ತು ವರ್ಷ ಹಿಡಿಯುತ್ತದೆಂಬುದನ್ನು ನೆನೆದರೆ ಇಲ್ಲಿ ಅವಸರ ಎಷ್ಟು ದುಬಾರಿಯೆಂದು ತಿಳಿಯುತ್ತದೆ. ಕಾಂಡದ ವ್ಯಾಸ ಹತ್ತು ಹನ್ನೆರಡು ಅಂಗುಲಕ್ಕಿಂತ ಕಡಿಮೆಯಿದ್ದರೆ ಮುಟ್ಟಬಾರದು. ಹದಿನೆಂಟು ಅಂಗುಲ ದಾಟುವವರೆಗೆ ಒಂದಕ್ಕಿಂತ ಹೆಚ್ಚು ತೂತು ಬೇಡ.

ನಿರ್ವಾತದಿಂದ ಮರಕ್ಕೆ ಹೆಚ್ಚಿನ ಗಾಯವಾಗುವುದೇ ಎಂಬ ಸಂದೇಹ ಅಲ್ಲಿಯವರಿಗೂ ಇದ್ದಿತು. ವರ್ಮಾಂಟ್ ವಿಶ್ವವಿದ್ಯಾಲಯವು 1946ರಿಂದ ಅಂಡರ್‌ಹಿಲ್ ಎಂಬಲ್ಲಿ ನಡೆಸುತ್ತಿರುವ ಪ್ರಾಕ್ಟರ್ ಮೇಪಲ್ ಸಂಶೋಧನ ಕೇಂದ್ರದವರು ಮರಗಳನ್ನು ಸೀಳಿ ನೋಡಿ, ನಿರ್ವಾತದಿಂದ ಒಳಗಾಯ ದೊಡ್ಡದಾಗುವುದಿಲ್ಲವೆಂದು ಕಂಡುಕೊಂಡರು. ಗಾಯದ ಗಾತ್ರವನ್ನು ನಿರ್ಧರಿಸುವುದು ತೂತಿನ ಗಾತ್ರ. ಹಿಂದೆ 7/16 ಅಂಗುಲದ ತೂತು ಕೊರೆಯುತ್ತಿದ್ದರು. ಈಗ 5/16ರದು ಸಾಕು, ಅದು ಬೇಗ ಮುಚ್ಚಿಕೊಳ್ಳುತ್ತದೆ. ಸಾಲುಗೊಳವೆ ಯಾವ ಅಳತೆಯದಾದರೂ ನಳಿಗೆ ಮಾತ್ರ ಈ ಕಿರಿಯ ತೂತಿನದನ್ನೇ ಕೊಳ್ಳಬೇಕೆಂದು ಮಗನಿಗೆ ತಿಳಿಸಿರಿ.

ಇನ್ನೊಂದು ವಿಚಾರವನ್ನೂ ಆ ಕೇಂದ್ರದವರು ತೋರಿಸಿಕೊಟ್ಟರು. ಸಂಜೆ ಚಳಿ ಏರಿದಾಗ ಮರವು ಒಳಕ್ಕೆ ಎಳೆದುಕೊಳ್ಳುತ್ತದೆಂದು ಮೇಲೆ ಹೇಳಿದೆನಷ್ಟೆ. ಆಗ ಇಳಿಗೊಳವೆಯಲ್ಲಿ ನಿಂತ ರಸ ಮತ್ತೆ ತೂತಿನೊಳಗೆ ಹಿಂದಿರುಗುತ್ತದೆ. ಕೊಳವೆ ಹಳೆಯದಾಗಿ ಹೊಲಸಾಗಿದ್ದರೆ ಸೂಕ್ಷ್ಮಜೀವಿಗಳೂ ಜೊತೆಗೇ ಒಳಹೋಗಿ ತೂತಿನ ಸುತ್ತಣ ರಸನಾಳಗಳನ್ನು ಮುಚ್ಚಿಬಿಡುತ್ತವೆ. ಋತು ಮುಗಿಯುವ ಮೊದಲೇ ತೂತು ಬತ್ತುತ್ತದೆ. ಬತ್ತಿದಾಗ ಆಸೆಬುರುಕನು ಪಕ್ಕದಲ್ಲಿ ಇನ್ನೊಂದು ತೂತು ಕೊರೆಯುತ್ತಾನೆ. ಮರಕ್ಕೆ ಕೇಡಾಗುವುದು ಅಲ್ಲಿ. ಆದ್ದರಿಂದ ನಳಿಗೆಯನ್ನು ಪ್ರತಿ ವರ್ಷ ಹೊಸದಾಗಿ ಹಾಕುವುದು, ಇಳಿಗೊಳವೆಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವುದು, ಅದನ್ನು ಮೂರಡಿಗಿಂತ ಗಿಡ್ಡ ಮಾಡದಿರುವುದು ಇವು ದುಂದುವೆಚ್ಚವಲ್ಲ. ರಸ ಹಿಂದಿರುಗದಂತೆ ತಡೆಯುವ ಸಣ್ಣ ಗುಂಡು ಇರುವ ನಳಿಗೆಗಳೂ ಅದೇ ಕೇಂದ್ರದ ಟಿಮೊತಿ ಪರ್ಕಿನ್ಸ್ ಅವರ ಕೆಲಸದಿಂದ ಬಂದಿವೆ. ಇಳಿಗೊಳವೆ ಉದ್ದವಾಗಿದ್ದರೆ ಮತ್ತೊಂದು ಅನುಕೂಲವೂ ಇದೆ: ಪ್ರತಿ ವರ್ಷ ಹಳೆಯ ಗಾಯದಿಂದ ದೂರ ಸರಿದು, ಕಾಂಡದ ಸುತ್ತ ಎಲ್ಲಿ ಬೇಕಾದರೂ ಹೊಸ ಜಾಗ ಹುಡುಕಿಕೊಳ್ಳಬಹುದು.

ಇನ್ನು ಗಡಸು, ಮೆದು, ಬಣ್ಣಗಳ ಮಾತು. ಇವನ್ನು ಬೇಗ ಮುಗಿಸೋಣ. ಸಾಲುಗೊಳವೆ ಗಡಸಾಗಿದ್ದರೆ ಹಿಗ್ಗಿ ಜೋಲುವುದಿಲ್ಲ. ಜೋತಲ್ಲಿ ರಸ ನಿಂತು ಹೆಪ್ಪುಗಟ್ಟುತ್ತದೆ, ಕೆಡುತ್ತದೆ. ಇಳಿಗೊಳವೆ ಮೆದುವಾಗಿರಬೇಕು, ಏಕೆಂದರೆ ಅದು ಮರದ ಸುತ್ತ ಬಾಗಬೇಕು. ಕಪ್ಪು ಪೈಪು ಬಿಸಿಲಿಗೆ ಬೇಗ ಕಾದು ರಸವನ್ನು ಬೆಚ್ಚಗಾಗಿಸುತ್ತದೆ. ನೆರಳಿನ, ತೀರ ತಣ್ಣನೆಯ ಕಣಿವೆಯಲ್ಲಿ ಬೆಳಗಿನ ಹೆಪ್ಪು ಕರಗಲು ಅದು ಅನುಕೂಲವಾದೀತು, ದಕ್ಷಿಣಕ್ಕೆ ಮುಖಮಾಡಿದ ಬಿಸಿಲುಗುಡ್ಡಕ್ಕೆ ನೀಲಿಯೇ ಲೇಸು. ಸಾಲುಗೊಳವೆ ಅರೆಪಾರದರ್ಶಕವಾಗಿದ್ದರೆ ಗುಳ್ಳೆಗಳ ಓಟ ಕಣ್ಣಿಗೆ ಕಾಣುತ್ತದೆ. ಗುಳ್ಳೆಗಳು ವೇಗವಾಗಿ ಓಡುತ್ತಿದ್ದರೆ ಮೇಲೆ ಎಲ್ಲೋ ಗಾಳಿ ಸೋರುತ್ತಿದೆಯೆಂದು ಅರ್ಥ. ಆಹಾರಕ್ಕೆ ಯೋಗ್ಯವೆಂದು ತಯಾರಿಸಿದ ಕೊಳವೆಯನ್ನಲ್ಲದೆ ತೋಟಕ್ಕೆ ನೀರು ಬಿಡುವ ಪೈಪನ್ನು, ಎಷ್ಟೇ ಅಗ್ಗವಾಗಲಿ, ತರಲೇಬಾರದು. ನಲವತ್ತು ಲೀಟರನ್ನು ಒಂದು ಲೀಟರಿಗೆ ಇಳಿಸುವಾಗ ಪೈಪಿನ ವಾಸನೆಯೂ ಒತ್ತಾಗಿ ಪಾಕದಲ್ಲಿ ಕೂರುತ್ತದೆ.

ಈಗ ಮಗನ ಗುಡ್ಡಕ್ಕೆ ಬರೋಣ. ಕೊಳವೆ ಕೊಳ್ಳುವ ಮೊದಲು ಆತ ಇಳಿತ ಅಳೆಯಬೇಕು. ನಮ್ಮ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಇದ್ದರೆ ಸಾಕು. ಮರದಿಂದ ಮರಕ್ಕೆ ಹಿಡಿದು ಇಳಿತಗಳನ್ನು ಕೂಡಿಸುತ್ತ ಹೋದರೆ ಮಧ್ಯಾಹ್ನದೊಳಗೆ ಲೆಕ್ಕ ಸಿಗುತ್ತದೆ. ಕೆಳಗಿನ ಮರದಿಂದ ತೊಟ್ಟಿಯ ಜಾಗಕ್ಕೆ ಇಪ್ಪತ್ತು ಮೂವತ್ತು ಅಡಿ ಇಳಿತ ಸಿಕ್ಕಿದರೆ 3/16ರ ಕೊಳವೆಯನ್ನೇ ತರಲಿ. ಎಪ್ಪತ್ತು ತೂತನ್ನು ಒಂದೇ ಸಾಲಿಗೆ ಹಾಕದೆ, ಹದಿನೈದರಿಂದ ಇಪ್ಪತ್ತೈದರವರೆಗೆ ಒಂದೊಂದರಂತೆ ಮೂರು ನಾಲ್ಕು ಸಾಲು ಮಾಡಿ ಪ್ರತಿಯೊಂದನ್ನೂ ನೇರ ತೊಟ್ಟಿಗೆ ತರಲಿ. ಇಷ್ಟು ಮರಗಳಿಗೆ ಮೇನ್ ಲೈನಿನ ಅಗತ್ಯವೇ ಇಲ್ಲ. ಪ್ರತಿ ಸಾಲಿನ ಮೇಲಿನ ತುದಿಗೆ ನಿರ್ವಾತ ತೋರಿಸುವ ಗಡಿಯಾರದಂತಹ ಮಾಪಕವೊಂದನ್ನು ಇಟ್ಟರೆ, ಆ ಸಾಲಿನ ಆರೋಗ್ಯ ಒಂದು ನೋಟಕ್ಕೆ ತಿಳಿಯುತ್ತದೆ. ತೊಟ್ಟಿ ಅಷ್ಟು ಕೆಳಗೆ ಹೋದರೆ ರಸವನ್ನು ಮನೆಗೆ ಮೇಲಕ್ಕೆ ತರುವ ಕೆಲಸ ಬೀಳುತ್ತದೆ. ಅಲ್ಲಿಗೆ ಗಾಡಿ ಹೋಗುವ ದಾರಿ ಇದೆಯೇ ಎಂಬುದನ್ನೂ ನೋಡಿಕೊಳ್ಳಲಿ.

ಇಳಿತ ಹತ್ತು ಅಡಿಯೂ ಇಲ್ಲದಿದ್ದರೆ, ಅಥವಾ ಏಪ್ರಿಲ್ ತಿಂಗಳಲ್ಲಿ ಕೊಳವೆ ತೊಳೆಯಲು ಕೆಲಸದ ನಡುವೆ ಬಿಡುವು ದೊರೆಯದೆಂದು ಆತನಿಗೆ ಈಗಲೇ ಅನಿಸಿದರೆ, 5/16ರ ಕೊಳವೆ ಹಾಕಿ ದೊರೆತಷ್ಟರಲ್ಲಿ ತೃಪ್ತನಾಗುವುದು ಒಳ್ಳೆಯದು. ಎಪ್ಪತ್ತು ತೂತಿಗೆ ಅರವತ್ತೈದು ಲೀಟರಿನಷ್ಟು ಪಾಕವೆಂದರೆ ಒಂದು ಸಂಸಾರಕ್ಕೂ ನೆಂಟರಿಷ್ಟರಿಗೂ ಕಡಿಮೆಯೇನಲ್ಲ.

ಕೊಳವೆ ಬಿಗಿಯುವ ಕೆಲಸವನ್ನು ಎಲೆ ಉದುರಿದ ಮೇಲೆ, ಹಿಮ ಬೀಳುವ ಮೊದಲು ಮುಗಿಸುವುದು ಅಲ್ಲಿಯ ವಾಡಿಕೆ. ಆ ಹೊತ್ತಿನಲ್ಲಿ ನೆಲ ಕಾಣುತ್ತಿರುತ್ತದೆಯಾದ್ದರಿಂದ ಹೊಸಬರು ಕೊಳವೆಯನ್ನು ಸೊಂಟದ ಮಟ್ಟಕ್ಕೆ ಕಟ್ಟಿಬಿಡುತ್ತಾರೆ. ಮಾರ್ಚ್ ಬರುವಷ್ಟರಲ್ಲಿ ಅದು ಹಿಮದಡಿ ಹೂತಿರುತ್ತದೆ. ಎದೆಮಟ್ಟಕ್ಕೆ ಕಟ್ಟಬೇಕೆಂದು ಮಗನಿಗೆ ಬರೆಯಿರಿ. ಋತು ಮುಗಿದ ದಿನವೇ ನಳಿಗೆಗಳನ್ನೆಲ್ಲ ಕಿತ್ತು ತೆಗೆಯಬೇಕೆಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿರಿ. ನಳಿಗೆ ಒಳಗಿದ್ದರೆ ಗಾಯ ಮುಚ್ಚಿಕೊಳ್ಳಲಾರದು.